ತಾರಸಿ ಬಿಸಿಲಿಗೆ ಹಿಡಿಯುವಷ್ಟು ಸಾಮಾನು

"ಸಾಮಾನು ಜಾಸ್ತಿ ಏನಿಲ್ಲ. ಎರಡು ಟ್ರಂಕು, ಒಂದು ಹಂಡೆ, ನಾಲ್ಕು ಭರಣಿ. ಅಷ್ಟೇ."

ಅತ್ತೆ ಊರಿಂದ ಫೋನ್ ಮಾಡಿ ಹೀಗೆ ಹೇಳುವಾಗ ನಾನು ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತಿದ್ದೆ. ಶೆಲ್ಫಿನ ಹಿಂದೆ ಇದ್ದ ಸಾರಿನಪುಡಿ ಡಬ್ಬ ಬೇಕಿತ್ತು. ಅದಕ್ಕೆ ಮುಂದಿದ್ದ ಮೂರು ಡಬ್ಬ ಒಂದೊಂದಾಗಿ ಇಳಿಸುತ್ತಿದ್ದೆ. ಹಂಡೆ ಅಂದಿದ್ದು ಕೇಳಿ ಕೆಳಗಿಳಿದು ಅದೇ ಸ್ಟೂಲ್ ಮೇಲೆ ಕೂತುಬಿಟ್ಟೆ.

ನಮ್ಮದು ಬೆಂಗಳೂರಿನ ಶ್ರೀನಗರದಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ. ಟ್ವೆಂಟಿ ಥರ್ಟಿ ಸೈಟು. ಬೆಂಗಳೂರಲ್ಲಿ ಬಾಡಿಗೆಗೆ ಇದ್ದವರಿಗೆ ಇಷ್ಟು ಹೇಳಿದರೆ ಸಾಕು, ಇಡೀ ಮನೆ ಕಣ್ಣಮುಂದೆ ಬರುತ್ತದೆ. 20 ಅಡಿ ಅಗಲ, 30 ಅಡಿ ಉದ್ದ, 600 ಚದರಡಿ. ಅದರಲ್ಲಿ ಮೆಟ್ಟಿಲು, ಗೋಡೆ ದಪ್ಪ, ಗಾಳಿಗೆ ಅಂತ ಬಿಟ್ಟ ಸಂದಿ ಎಲ್ಲ ಕಳೆದು ಒಂದು ಹಾಲು, 10 ಅಡಿಗೆ 10 ಅಡಿ ರೂಮು, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ಹಾಲಿಗೂ ಅಡುಗೆಮನೆಗೂ ನಡುವೆ ನಾಲ್ಕು ಹೆಜ್ಜೆಯ ಒಂದು ಓಣಿ. ಇರುವವರು ನಾನು, ನಮ್ಮನೆಯವರು, ಏಳನೇ ಕ್ಲಾಸಿನ ಮಗಳು. ಮನೆ ಆಗಲೇ ತುಂಬಿತ್ತು.

ಅತ್ತೆಯ ಊರು ಸಾಗರದ ಹತ್ತಿರದ ಒಂದು ಹಳ್ಳಿ. ಮಾವ ಹೋದಮೇಲೆ ಎರಡು ವರ್ಷ ಒಬ್ಬರೇ ಇದ್ದರು. ಮೊಣಕಾಲು ನೋವು ಜಾಸ್ತಿಯಾದ ಮೇಲೆ, ಮಳೆ ಹಿಡಿಯುವ ಮೊದಲೇ ಬಂದುಬಿಡುತ್ತೇನೆ ಅಂತ ಅವರೇ ಹೇಳಿದರು. ನಾವು ಒಂದು ವರ್ಷದಿಂದ ಕರೆಯುತ್ತಿದ್ದದ್ದು ನಿಜ. ಕರೆಯುವಾಗ ಯಾರೂ ಜಾಗದ ಲೆಕ್ಕ ಹಾಕುವುದಿಲ್ಲ ಅಲ್ವಾ.

ನನ್ನ ಕೈಯಲ್ಲಿ ಹನ್ನೆರಡು ದಿನ ಇತ್ತು. ಆ ರಾತ್ರಿಯೇ ಫೋನಿನಲ್ಲಿ ಚಕ್ರ ಇರುವ ಆರು ಪ್ಲಾಸ್ಟಿಕ್ ಬಾಕ್ಸ್ ತರಿಸಿದೆ. ಮಂಚದ ಕೆಳಗೆ ಸರಾಗವಾಗಿ ಉರುಳಿಕೊಂಡು ಹೋಗುವ ಚಿತ್ರ ಹಾಕಿದ್ದರು. ಬಾಕ್ಸ್ ಬಂತು. ಸ್ಟಿಕ್ಕರ್ ಕಿತ್ತು, ತೊಳೆದು, ಒರೆಸಿ, ಮಂಚದ ಕೆಳಗೆ ತಳ್ಳಿದೆ. ಹೋಗಲಿಲ್ಲ. ನಮ್ಮ ಮಂಚದ ಕೆಳಗೆ ಇರುವುದು 7 ಇಂಚು ಸಂದು. ಬಾಕ್ಸು 9 ಇಂಚು. ಅಳತೆ ಪಟ್ಟಿ ಹೊಲಿಗೆ ಡಬ್ಬದಲ್ಲೇ ಇತ್ತು, ತೆಗೆದು ನೋಡುವ ವ್ಯವಧಾನ ನನಗೆ ಇರಲಿಲ್ಲ. ಸ್ಟಿಕ್ಕರ್ ಕಿತ್ತಿದ್ದಕ್ಕೆ ಮಾರಿದವರು ವಾಪಸ್ಸೂ ತಗೊಳ್ಳಲಿಲ್ಲ.

ಸರಿ, ತಂದಾಯ್ತಲ್ಲ ಅಂತ ಕಣ್ಣಿಗೆ ಕಂಡದ್ದನ್ನೆಲ್ಲ ಅದರಲ್ಲಿ ತುಂಬಿದೆ. ಹಳೇ ಚಾರ್ಜರು, ಮಗಳ ಕ್ರೇಯಾನು, ಮದುವೆ ಕಾರ್ಡು, ಟಾರ್ಚು, ಬ್ಯಾಂಡೇಜು, ನವರಾತ್ರಿಯಲ್ಲಿ ಬಂದ ಬ್ಲೌಸ್ ಪೀಸು. ಮುಚ್ಚಳದ ಮೇಲೆ ಚೀಟಿ ಅಂಟಿಸಿದೆ: ಇತರೆ 1, ಇತರೆ 2, ಇತರೆ 3. ನಾಲ್ಕನೆಯದಕ್ಕೆ ಹೆಸರು ಹುಡುಕಲು ಹೋಗಿ ಅದಕ್ಕೂ ಇತರೆ ಅಂತಲೇ ಬರೆದೆ. ಆರು ಬಾಕ್ಸು ಹಾಲಿನ ಗೋಡೆಗೆ ಒಂದರ ಮೇಲೊಂದು ನಿಂತವು. ನೋಡೋಕೆ ಚೆನ್ನಾಗೇ ಇತ್ತು. ಎರಡನೇ ದಿನ ಟಾರ್ಚ್ ಬೇಕಾಯಿತು. ನಾಲ್ಕು ಬಾಕ್ಸ್ ಇಳಿಸಿದೆ.

ಅತ್ತೆ ಏಪ್ರಿಲ್ ಕೊನೆಯಲ್ಲಿ ಸಾಮಾನಿನ ವ್ಯಾನಿನಲ್ಲೇ ಬಂದರು. ಮುಂದಿನ ಸೀಟಿನಲ್ಲಿ ಉಪ್ಪಿನಕಾಯಿ ಭರಣಿಯೊಂದನ್ನು ಮಗುವಿನ ಥರ ತೊಡೆಮೇಲೆ ಇಟ್ಟುಕೊಂಡು ಕೂತಿದ್ದರು. ಎರಡು ಟ್ರಂಕಿನ ಜೊತೆಗೆ ಶ್ಯಾವಿಗೆ ಒರಳು, ಜೋನಿ ಬೆಲ್ಲದ ಎರಡು ಕ್ಯಾನು, ಕಂಬಳಿ ಗಂಟು, ಹಪ್ಪಳದ ಡಬ್ಬ ಎಲ್ಲ ಇಳಿದವು. ಅವರ ಲೆಕ್ಕದಲ್ಲಿ ಇವೆಲ್ಲ ಸಾಮಾನಲ್ಲ. ಹಂಡೆ ಕೊನೆಗೆ ಬಂತು. ಬಾಗಿಲಲ್ಲಿ ಅಡ್ಡ ಹಿಡಿದು ತರಬೇಕಾಯಿತು.

ಕಾಫಿ ಕುಡಿಯುತ್ತಾ ಅತ್ತೆ ನನ್ನ ಬಾಕ್ಸುಗಳ ಕಡೆ ನೋಡಿದರು. ಚೀಟಿ ಓದಿದರು.

"ಇದರಲ್ಲೆಲ್ಲ ಏನಿದ್ಯೇ?"

"ಇತರೆ, ಅತ್ತೆ."

"ಇತರೆ ಅಂದ್ರೆ ನಿಂಗೂ ಗೊತ್ತಿಲ್ಲ ಅಂತ ಅಲ್ದನೇ ಮಾರಾಯ್ತಿ?"

ನಾನು ಏನೂ ಹೇಳಲಿಲ್ಲ. ಕಾಫಿ ಲೋಟ ತಗೊಂಡು ಒಳಗೆ ಹೋದೆ.

ಅತ್ತೆಯ ಮನೆ ದೊಡ್ಡದು, ಅಲ್ಲಿ ಎಲ್ಲಿ ಬೇಕಾದರೂ ಏನು ಬೇಕಾದರೂ ಇಡಬಹುದು, ಅವರಿಗೆ ಸಣ್ಣ ಮನೆಯ ಕಷ್ಟ ಏನು ಗೊತ್ತು ಅಂತ ನಾನು ಅಂದುಕೊಂಡಿದ್ದೆ. ಅದು ನನ್ನ ತಪ್ಪು ಲೆಕ್ಕ. ನೆನಪು ಮಾಡಿಕೊಂಡರೆ, ಆ ಮನೆಯಲ್ಲಿ ಒಂದು ವಸ್ತುವೂ ನೆಲದ ಮೇಲೆ ಇರುತ್ತಿರಲಿಲ್ಲ. ಮಲೆನಾಡಿನ ನೆಲ ಮಳೆಗಾಲದಲ್ಲಿ ಬೆವರುತ್ತದೆ. ನೆಲದ ಮೇಲಿಟ್ಟದ್ದು ಬೂಷ್ಟು ಹಿಡಿಯುತ್ತದೆ. ಹಾಗಾಗಿ ಎಲ್ಲವೂ ಮೇಲೆ. ತಲೆಗಿಂತ ಎತ್ತರದಲ್ಲಿ ಹಲಗೆಯ ನಾಗಂದಿಗೆ, ಅದರ ಮೇಲೆ ಪಾತ್ರೆ. ಗೋಡೆಯಲ್ಲಿ ದೀಪಕ್ಕೊಂದು ಗೂಡು, ಸುಣ್ಣದ ಡಬ್ಬಿಗೊಂದು ಗೂಡು. ಬಟ್ಟೆಗೆ ಅಡ್ಡ ಕಟ್ಟಿದ ಬಿದಿರ ಗಳ. ಹಾಲು ಮೊಸರಿಗೆ ತೊಲೆಯಿಂದ ಇಳಿಬಿಟ್ಟ ನೆಲುವು, ಬೆಕ್ಕಿಗೆ ಎಟುಕದ ಹಾಗೆ. ಕತ್ತಲಲ್ಲಿ ಕೈ ಚಾಚಿದರೂ ಬೇಕಾದ್ದು ಸಿಗುತ್ತಿತ್ತು. ಕರೆಂಟು ಹೋಗುವುದು ಅಲ್ಲಿ ವಿಶೇಷವೇ ಅಲ್ಲ, ಹಾಗೆ ಸಿಗಲೇಬೇಕಿತ್ತು.

ಇದರ ಜೊತೆ ಅವರದು ಇನ್ನೊಂದು ಕ್ರಮ. ವರ್ಷಕ್ಕೊಮ್ಮೆ, ಮೃಗಶಿರ ಮಳೆ ಹಿಡಿಯುವ ಮೊದಲು, ಮನೆಯಲ್ಲಿ ಇರುವ ಸಾಮಾನೆಲ್ಲ ಅಂಗಳಕ್ಕೆ ಬಂದು ಬಿಸಿಲು ಕಾಯಬೇಕು. ಹಾಸಿಗೆ, ಕಂಬಳಿ, ಟ್ರಂಕಿನ ಬಟ್ಟೆ, ಪುಸ್ತಕ, ಮರದ ಸೌಟು, ಕಡಗೋಲು ಸಮೇತ. ಜೂನ್ ಮೊದಲ ವಾರ ದಾಟಿದರೆ ಮುಗಿಯಿತು, ಆಮೇಲೆ ತಿಂಗಳುಗಟ್ಟಲೆ ಗಟ್ಟಿ ಬಿಸಿಲು ಸಿಗುವುದಿಲ್ಲ.

"ಇಲ್ಲಿ ಆ ಥರ ಮಳೆ ಇಲ್ಲ ಅತ್ತೆ" ಅಂದೆ.

"ಮಳೆ ಇಲ್ದೇ ಇರಬಹುದು. ಜಿರಲೆ ಇದೆಯಲ್ಲ? ಬಿಸಿಲಿಗೆ ತೆಗೆಯೋಕೆ ಆಗದಷ್ಟು ಸಾಮಾನು ಇಟ್ಕಂಡ್ರೆ ಅದು ನಿಂದಲ್ಲ, ಜಿರಲೇದು."

ಸಜ್ಜ ಖಾಲಿ ಮಾಡುವ ಕೆಲಸಕ್ಕೆ ನಾವು ಇಳಿದದ್ದು ಹೀಗೆ. ಮೇ ತಿಂಗಳ ಮೊದಲ ಭಾನುವಾರ. ಕೆಳಗಿನ ಮನೆಯ ಓನರ್ ಆಂಟಿ ಹತ್ತಿರ ಏಣಿ ಮತ್ತು ತಾರಸಿ ಬೀಗದ ಕೈ ಕೇಳಿ ತಂದೆ.

ನಮ್ಮ ರೂಮಿನ ಸಜ್ಜ 10 ಅಡಿ ಉದ್ದ, 2 ಅಡಿ ಆಳ. ಬಾಗಿಲ ಎತ್ತರಕ್ಕೆ, 7 ಅಡಿಗೆ ಹಾಕಿದ್ದಾರೆ. ಅಲ್ಲಿಂದ ಸೂರಿಗೆ ಸುಮಾರು 3 ಅಡಿ. ಅಂದರೆ 60 ಘನ ಅಡಿ. ಎರಡು ಬೀರು ಮಲಗಿಸಿ ಇಟ್ಟಷ್ಟು ಜಾಗ. ಇಷ್ಟು ಜಾಗ ತಲೆಮೇಲೆ ಇಟ್ಟುಕೊಂಡು ವರ್ಷಗಟ್ಟಲೆ ಜಾಗ ಇಲ್ಲ ಜಾಗ ಇಲ್ಲ ಅಂತ ಗೋಳಾಡಿದ್ದೆ. ಅದರಲ್ಲಿ ಏನಿತ್ತು ಅಂತ ಹೇಳಲು ಸ್ವಲ್ಪ ನಾಚಿಕೆ. ಟಿವಿ ಬಂದ ರಟ್ಟಿನ ಪೆಟ್ಟಿಗೆ, ಟಿವಿ ಇಲ್ಲದೆ. ಮಿಕ್ಸಿಯ ಮೂರು ಜಾರು, ಮಿಕ್ಸಿ ಇಲ್ಲದೆ. ಗ್ಯಾಸ್ಕೆಟ್ ಸಿಗದ ಕುಕ್ಕರು. ಮಗಳ ಎಲ್‌ಕೆಜಿಯಿಂದ ಈಚಿನ ನೋಟ್‌ಬುಕ್ಕು ಅಷ್ಟೂ. ತೊಟ್ಟಿಲು ಬಿಚ್ಚಿದ ತುಂಡುಗಳು. ಸೂಟ್‌ಕೇಸಿನೊಳಗೆ ಸೂಟ್‌ಕೇಸು, ಅದರೊಳಗೆ ಒಂದು ಕೊಡೆ. ಬಟ್ಟೆ ಅಂಗಡಿಯ ಕವರುಗಳು. ಕವರಿನೊಳಗೆ ಕವರು, ಅದರೊಳಗೆ ಇನ್ನೊಂದು. ಮಗಳು ಕೂತು ಎಣಿಸಿದಳು, 83. ಕವರು ಬಿಸಾಡಬಾರದು ಅಂತ ಯಾರೂ ನಮಗೆ ಹೇಳಿಕೊಟ್ಟಿಲ್ಲ, ಆದರೂ ಬಿಸಾಡುವವರನ್ನು ನಾನಂತೂ ನೋಡಿಲ್ಲ. ಎಲ್ಲದರ ಹಿಂದೆ, ಗೋಡೆಗೆ ಒತ್ತಿಕೊಂಡು, ದಸರಾ ಗೊಂಬೆಯ ಎರಡು ಡಬ್ಬ.

ಹಲ್ಲಿ ಮೊಟ್ಟೆಯ ಚಿಪ್ಪು, ಜಿರಲೆಯ ಕಪ್ಪು ಮೊಟ್ಟೆಗೂಡು ಬೇರೆ. ಜಿರಲೆ ಜಾಸ್ತಿ ಇದ್ದದ್ದು ರಟ್ಟಿನ ಪೆಟ್ಟಿಗೆಗಳಲ್ಲೇ. ರಟ್ಟಿನ ಎರಡು ಪದರದ ನಡುವಿನ ಸಂದು ಅವಕ್ಕೆ ಹೇಳಿ ಮಾಡಿಸಿದ ಮನೆ. ಅಂಟಿನಲ್ಲಿರುವ ಗಂಜಿ ಊಟ. ಇದನ್ನು ಕಣ್ಣಾರೆ ನೋಡಿದ ಮೇಲೆ ನಮ್ಮ ಮನೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಏನನ್ನೂ ಇಟ್ಟಿಲ್ಲ.

ಇಷ್ಟನ್ನೂ ತಾರಸಿಗೆ ಸಾಗಿಸಬೇಕು. ನಮ್ಮ ಬಾಗಿಲಿಂದ ತಾರಸಿಗೆ 19 ಮೆಟ್ಟಿಲು. ಮೇ ತಿಂಗಳ ಬಿಸಿಲು. ಯಾವುದು ಬೇಕು, ಯಾವುದು ಬೇಡ ಅಂತ ನಾನು ಹಿಂದಿನ ರಾತ್ರಿ ಒಂದು ಪಟ್ಟಿ ಮಾಡಿದ್ದೆ. ಆ ಪಟ್ಟಿ ಕೆಲಸಕ್ಕೇ ಬರಲಿಲ್ಲ. ಮೆಟ್ಟಿಲೇ ತೀರ್ಮಾನ ಮಾಡಿತು. ಗೊಂಬೆ ಡಬ್ಬವನ್ನು ಮಗಳು ಯಾರೂ ಹೇಳದೆ ಎತ್ತಿಕೊಂಡು ಹೋದಳು. ಕುಕ್ಕರಿಗೆ ಯಾರೂ ಕೈ ಹಾಕಲಿಲ್ಲ. ಟಿವಿ ಪೆಟ್ಟಿಗೆಯನ್ನು ನಮ್ಮನೆಯವರು ಎರಡು ಸಲ ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. "ವಾರಂಟಿಗೆ ಬೇಕಾಗುತ್ತೆ" ಅಂದರು. ವಾರಂಟಿ ಕಾರ್ಡು ತೆಗೆದು ನೋಡಿದರೆ ಮುಗಿದು ನಾಲ್ಕು ವರ್ಷ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಯಾರೂ ಮೇಲಕ್ಕೆ ಒಯ್ಯಲು ತಯಾರಿಲ್ಲದ ಸಾಮಾನೆಲ್ಲ ಹಾಲಿನಲ್ಲಿ ರಾಶಿ ಬಿದ್ದಿತ್ತು. ಅತ್ತೆ ಕುರ್ಚಿಯಲ್ಲಿ ಕೂತು ಅದನ್ನು ತೋರಿಸಿ "ಇದು ನಿಮ್ಮನೇದಲ್ಲ" ಅಂದರು. ಅಷ್ಟೇ.

ಅದನ್ನು ಮನೆಯಿಂದ ದಾಟಿಸುವುದಕ್ಕೆ ಮತ್ತೂ ಒಂದು ವಾರ ಹಿಡಿಯಿತು. ರಟ್ಟು, ನೋಟ್‌ಬುಕ್ಕು ಗುಜರಿಯವನಿಗೆ. ನೋಟ್‌ಬುಕ್ಕಿನಲ್ಲಿ ಎರಡೇ ಎರಡು ಇಟ್ಟುಕೊಂಡೆ, ಅವಳು ಮೊದಲ ಸಲ ಅ ಬರೆದದ್ದು ಒಂದು, ನಮ್ಮ ಮೂವರ ಚಿತ್ರ ಬರೆದದ್ದು ಒಂದು. ನನಗೆ ಆ ಚಿತ್ರದಲ್ಲಿ ಕೈ ಇಲ್ಲ. ಕುಕ್ಕರು, ಜಾರು ಪಾತ್ರೆ ಅಂಗಡಿಗೆ ತೂಕಕ್ಕೆ ಹೋದವು. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗಿದಾಗ ಅತ್ತೆ ನನ್ನನ್ನು ತಡೆದರು. ಸೀರೆ ಕೊಟ್ಟು ಡಬ್ಬ ತಂದರೆ ಮನೆಯಲ್ಲಿ ಕಮ್ಮಿ ಆಗಿದ್ದೇನು ಅಂತ. ನಿಜ. ಸೀರೆಗಾದರೂ ಮಡಿಕೆ ಇದೆ, ಡಬ್ಬ ಮಡಿಸೋಕಾಗಲ್ಲ. ಚಾರ್ಜರು, ಸತ್ತ ಫೋನು, ಉಬ್ಬಿದ ಬ್ಯಾಟರಿ ಇವನ್ನು ಮಾತ್ರ ಕಸದ ಗಾಡಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಇ-ತ್ಯಾಜ್ಯ ತಗೊಳ್ಳುವ ಕಡೆ ಪ್ರತ್ಯೇಕವಾಗಿ ಕೊಟ್ಟು ಬಂದೆವು.

ತಾರಸಿ ಮೇಲೆ ಗೊಂಬೆ ಡಬ್ಬ ತೆಗೆದಾಗ ಬೇಸರವಾಯಿತು. ನ್ಯೂಸ್‌ಪೇಪರಿನಲ್ಲಿ ಸುತ್ತಿಟ್ಟಿದ್ದೆ. ಪಟ್ಟದ ಗೊಂಬೆಯ ರಾಣಿಯ ಕೆನ್ನೆಗೆ ಪೇಪರು ಅಂಟಿಕೊಂಡು, ಬಿಡಿಸಲು ಹೋದರೆ ಬಣ್ಣವೇ ಎದ್ದು ಬಂತು. ಪ್ಲಾಸ್ಟಿಕ್ ಡಬ್ಬ, ಗಟ್ಟಿ ಮುಚ್ಚಳ, ಒಳಗೆ ಸಿಕ್ಕಿಹಾಕಿಕೊಂಡ ತೇವ, ಅದಕ್ಕೆ ಶಾಯಿ. ಈಗ ಗೊಂಬೆಗಳನ್ನು ಹಳೇ ಪಂಚೆ ಹರಿದ ತುಂಡಿನಲ್ಲಿ ಸುತ್ತುತ್ತೇವೆ. ಮಲಗಿಸದೆ ನಿಲ್ಲಿಸಿಯೇ ಇಡುತ್ತೇವೆ, ಇಲ್ಲದಿದ್ದರೆ ಮೇಲಿನ ಭಾರಕ್ಕೆ ಮಣ್ಣಿನ ಗೊಂಬೆಯ ಕೈ ಮೊದಲು ಮುರಿಯುತ್ತದೆ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ ತೇವ ಹೀರುವ ಬಿಳಿ ಹರಳಿನ ಪುಟ್ಟ ಪೊಟ್ಟಣ, ಅದನ್ನು ಕೂಡಿಟ್ಟು ಡಬ್ಬದ ಮೂಲೆಗೆ ಹಾಕುತ್ತೇನೆ. ರಾಣಿಯ ಕೆನ್ನೆ ಹಾಗೇ ಇದೆ. ಬಣ್ಣ ಹಚ್ಚೋಣ ಅಂದರೆ ಮಗಳು ಬೇಡ ಅಂದಳು.

ರೇಷ್ಮೆ ಸೀರೆಯ ವಿಷಯದಲ್ಲಿ ಅತ್ತೆ ಮಾತಾಡುವುದಕ್ಕಿಂತ ಮುಖದಲ್ಲೇ ಜಾಸ್ತಿ ಹೇಳಿದರು. ನನ್ನ ಸೀರೆಗಳೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ, ನಡುನಡುವೆ ನುಸಿಗುಳಿಗೆ. ಮದುವೆ ಸೀರೆಯ ಜರಿ ಒಂದು ಕಡೆ ಕಪ್ಪಾಗಿತ್ತು. ಮಡಿಕೆ ಇದ್ದ ಜಾಗದಲ್ಲಿ ನೂಲು ಬಿಟ್ಟುಕೊಳ್ಳುವ ಹಾಗಿತ್ತು. ಹತ್ತು ವರ್ಷ ಒಂದೇ ಮಡಿಕೆಯಲ್ಲಿ ಇದ್ದರೆ ರೇಷ್ಮೆ ಅಲ್ಲೇ ಸೀಳುತ್ತದೆ. ಅವರ ಟ್ರಂಕಿನಲ್ಲಿ ನನ್ನದಕ್ಕಿಂತ ಎಷ್ಟೋ ಹಳೆಯ ಸೀರೆಗಳು, ಹತ್ತಿ ಬಟ್ಟೆಯಲ್ಲಿ ಸುತ್ತಿ, ಲಾವಂಚದ ಬೇರಿನ ಜೊತೆ, ಜರಿ ಇನ್ನೂ ಹೊಳೆಯುತ್ತಿತ್ತು. ಅವನ್ನು ನೇರ ಬಿಸಿಲಿಗೆ ಹಾಕಲಿಲ್ಲ. ತಾರಸಿಯ ನೀರಿನ ಟ್ಯಾಂಕಿನ ನೆರಳಿನಲ್ಲಿ ಹಗ್ಗಕ್ಕೆ ಹಾಕಿ ಗಾಳಿಯಾಡಿಸಿ, ಮಡಿಕೆ ಬದಲಿಸಿ ಮತ್ತೆ ಸುತ್ತಿದರು. ನುಸಿಗುಳಿಗೆ ನಾನು ಪೂರ್ತಿ ಬಿಟ್ಟಿಲ್ಲ, ಉಣ್ಣೆಗೆ ಹಾಕುತ್ತೇನೆ. ಆದರೆ ಜರಿಗೆ ತಾಗದ ಹಾಗೆ, ಬಟ್ಟೆಯ ಗಂಟಿನಲ್ಲಿ ಕಟ್ಟಿ. ಹಸುಗೂಸಿನ ಬಟ್ಟೆ ಇರುವ ಕಡೆ ಮಾತ್ರ ಅದು ಬೇಡವೇ ಬೇಡ, ಅದರ ಗಾಳಿಯೂ ಕೆಲವು ಮಕ್ಕಳಿಗೆ ಆಗುವುದಿಲ್ಲ.

ಕಾಗದಪತ್ರದ ಕಥೆ ಬೇರೆ. 2009ರಿಂದ ಈಚಿನ ಕರೆಂಟ್ ಬಿಲ್ಲು ಅಷ್ಟನ್ನೂ ನಮ್ಮನೆಯವರು ದಾರಕ್ಕೆ ಪೋಣಿಸಿ ಇಟ್ಟಿದ್ದರು. ಯಾಕೆ ಅಂದರೆ ಇರಲಿ ಅಂದರು. ಸುಮ್ನೆ ಇರಲಿ ಅನ್ನುವ ಮಾತೇ ಸಣ್ಣ ಮನೆಗೆ ದೊಡ್ಡ ಶತ್ರು. ಅಂಥದ್ದೇ ಇನ್ನೊಂದು ಕಟ್ಟು ಅತ್ತೆಯ ಟ್ರಂಕಿನ ತಳದಲ್ಲೂ ಸಿಕ್ಕಿತು. ನಾನು ಅದನ್ನೂ ರದ್ದಿಗೆ ಸೇರಿಸುವವಳಿದ್ದೆ. ಬಿಚ್ಚಿ ನೋಡಿದರೆ ಮಾವನ ಕಾಲದ ಕೈಬರಹದ ಪಹಣಿ, ಒಂದು ಕ್ರಯಪತ್ರ, ಪಾಲುಪಟ್ಟಿ. ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಏರಿದ್ದು 2000ನೇ ಇಸವಿಯ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನದ್ದಕ್ಕೆ ನಮ್ಮ ಕೈಯಲ್ಲಿದ್ದ ಆಧಾರ ಈ ಕೈಬರಹವೇ. ಕೈ ನಡುಗಿತು.

ಈಗ ಒಂದೇ ಒಂದು ಫೈಲು. ಕ್ರಯಪತ್ರ, ಮಾರ್ಕ್ಸ್ ಕಾರ್ಡು, ಜನನ ಪತ್ರ, ಮದುವೆ ನೋಂದಣಿ ಎಲ್ಲ ಅದರಲ್ಲಿ. ಯಾವುದಕ್ಕೂ ಲ್ಯಾಮಿನೇಷನ್ ಇಲ್ಲ. ಒಮ್ಮೆ ಅಂಟಿಸಿದರೆ ಬಿಡಿಸಲಾಗದು, ಹಿಂದೆ ಮುಂದೆ ಸೀಲು ಸಹಿ ಬೇಕಾದಾಗ ಪೇಚಾಟ. ಡಿಎಲ್, ಆರ್‌ಸಿ ಡಿಜಿಲಾಕರಿನಲ್ಲಿವೆ. ಆ ಫೈಲಿನ ಜಾಗ ಬೀರುವಿನ ಮೇಲಿನ ಅರೆ, ಎಡಗಡೆ. ರಾತ್ರಿ ಎಬ್ಬಿಸಿ ಕೇಳಿದರೂ ಮನೆಯ ನಾಲ್ಕೂ ಜನ ಹೇಳುತ್ತೇವೆ.

ಮತ್ತೆ ಸಜ್ಜದ ಮೇಲೆ ಜೋಡಿಸುವಾಗ ನಾವು ಕಲಿತದ್ದು ಒಂದು. 2 ಅಡಿ ಆಳ ಅಂದರೆ ಎರಡು ಸಾಲು. ಹಿಂದಿನ ಸಾಲು ಮರೆತುಹೋಗುವ ಸಾಲು. ಅಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ಗೊಂಬೆ, ದೀಪಾವಳಿ ಸರದೀಪ, ದೊಡ್ಡ ಪಾತ್ರೆ ಮಾತ್ರ. ಮುಂದೆ ಸೂಟ್‌ಕೇಸು, ಸ್ವೆಟ್ಟರು. ನನ್ನ ಆರು ಬಾಕ್ಸಿನಲ್ಲಿ ಎರಡು ಅಲ್ಲಿಗೇ ಹೋದವು. ಹಿಂದಿನ ಬಾಕ್ಸಿನ ಹಿಡಿಗೆ ಅತ್ತೆ ಸೆಣಬಿನ ಹಗ್ಗ ಕಟ್ಟಿ ತುದಿಯನ್ನು ಮುಂದಕ್ಕೆ ಇಳಿಬಿಟ್ಟರು. ಮುಂದಿನದನ್ನು ಸ್ವಲ್ಪ ಸರಿಸಿ ಹಗ್ಗ ಎಳೆದರೆ ಹಿಂದಿನದು ಬರುತ್ತದೆ, ಸಜ್ಜದೊಳಗೆ ತಲೆ ತೂರಿಸುವ ಕೆಲಸ ಇಲ್ಲ. ಚೀಟಿ ಈಗ ಮುಚ್ಚಳದ ಮೇಲಲ್ಲ, ಮುಖದ ಮೇಲೆ. ಕೆಳಗೆ ನಿಂತು ಓದುವ ಹಾಗೆ ದಪ್ಪಕ್ಷರದಲ್ಲಿ. ವರ್ಷಗಟ್ಟಲೆ ಮುಚ್ಚಳದ ಮೇಲೆ ಬರೆದು ಕೆಳಗೆ ನಿಂತು ಹುಡುಕಿದ್ದೇನೆ ನಾನು. ಯಾರಿಗೂ ಹೇಳಬೇಡಿ.

ಉಳಿದ ನಾಲ್ಕು ಬಾಕ್ಸಿಗೆ ಮರಗೆಲಸದವರ ಹತ್ತಿರ 3 ಇಂಚಿನ ನಾಲ್ಕು ಮರದ ತುಂಡು ಮಾಡಿಸಿದೆ. ನಡುವೆ ಸ್ವಲ್ಪ ಕೊರೆದು ಕೊಟ್ಟರು, ಮಂಚದ ಕಾಲು ಅದರಲ್ಲಿ ಕೂತರೆ ಜಾರುವುದಿಲ್ಲ. ಮಂಚ 10 ಇಂಚು ಎದ್ದಿತು, ಬಾಕ್ಸು ಉರುಳಿಕೊಂಡು ಒಳಗೆ ಹೋದವು. ಆ ದಿನ ನಾನು ಮೂರು ಸಲ ಸುಮ್ನೆ ಎಳೆದು ತಳ್ಳಿ ಮಾಡಿದೆ. ಮಂಚ ಎತ್ತರವಾಗಿ ಅತ್ತೆಗೆ ಕೂತು ಏಳುವುದಕ್ಕೂ ಸಲೀಸಾಯಿತು. ಅದು ನಾವು ಯೋಚಿಸಿ ಮಾಡಿದ್ದಲ್ಲ.

ಹಂಡೆ ಮಾತ್ರ ಹಾಲಿನ ನಡುವೆ ಹಾಗೇ ಇತ್ತು. ತಾಮ್ರದ್ದು, ಬಚ್ಚಲ ಒಲೆಯ ಮಸಿ ಇನ್ನೂ ತಳದಲ್ಲಿ. ಇಲ್ಲಿ ಒಲೆಯೂ ಇಲ್ಲ, ಬಚ್ಚಲೂ ಇಲ್ಲ, ಇರುವುದು ಗೀಸರು. ತಾಮ್ರಕ್ಕೆ ಒಳ್ಳೇ ರೇಟಿದೆ ಕೊಟ್ಟುಬಿಡೋಣ ಅಂತ ನಮ್ಮನೆಯವರು. ಎರಡು ದಿನ ಅಮ್ಮ ಮಗನ ನಡುವೆ ಮಾತು ಕಮ್ಮಿಯಾಯಿತು. ನಾನು ಯಾವ ಪಕ್ಷವನ್ನೂ ಹಿಡಿಯಲಿಲ್ಲ, ಯಾಕೆಂದರೆ ಒಳಗೊಳಗೆ ನನಗೂ ಕೊಟ್ಟುಬಿಟ್ಟರೆ ಸಾಕಿತ್ತು. ಮೂರನೇ ದಿನ ಮಗಳು ತನ್ನ ರಜಾಯಿಯನ್ನು ಹಂಡೆಯೊಳಗೆ ತುರುಕಿ ಶಾಲೆಗೆ ಹೋದಳು. ಬೇರೆ ಕಡೆ ಇಡೋಕೆ ಸೋಮಾರಿತನ. ಅತ್ತೆ ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹುಣಸೆಹಣ್ಣು ಉಪ್ಪು ಹಾಕಿ ಹಂಡೆ ತಿಕ್ಕಿಸಿದರು, ಒಂದು ದಿನ ಬಿಸಿಲಲ್ಲಿ ಒಣಗಿಸಿದರು. ಒಳಗೆ ಹಳೇ ಸೀರೆ ಹಾಸಿ ಮೂರು ರಜಾಯಿ, ಎರಡು ಕಂಬಳಿ ಇಟ್ಟರು. ಉರುಟು ತಳಕ್ಕೆ ಬಟ್ಟೆಯ ದಪ್ಪ ಸಿಂಬೆ. ಬಾಯಿಗೆ ದುಂಡಗಿನ ಹಲಗೆ. ಅದರ ಮೇಲೆ ಈಗ ನಮ್ಮ ಲ್ಯಾಂಡ್‌ಲೈನ್ ಕಾಲದ ಟೇಬಲ್ ಕ್ಲಾಥು, ಪೇಪರು, ಅತ್ತೆಯ ಕನ್ನಡಕ. ಬಂದವರೆಲ್ಲ ಎಲ್ಲಿ ತಗೊಂಡಿರಿ ಈ ಟೀಪಾಯಿ ಅಂತ ಕೇಳುತ್ತಾರೆ. ನಮ್ಮನೆಯವರೇ ಮುಂದೆ ಬಂದು ಉತ್ತರ ಕೊಡುತ್ತಾರೆ.

ಅಡುಗೆಮನೆಯಲ್ಲಿ ಇಷ್ಟು ಸುಲಭವಾಗಿ ರಾಜಿಯಾಗಲಿಲ್ಲ. ಅತ್ತೆಗೆ ಮಳೆಗಾಲ ಅಂದರೆ ಉಪ್ಪು, ಹುಣಸೆ, ಮೆಣಸು, ಬೇಳೆ ಮನೆಯಲ್ಲಿ ತುಂಬಿರಬೇಕು. ಅಂಗಡಿ ಮೂರು ಮೈಲಿ ದೂರ ಇದ್ದ ಊರಿನ ಲೆಕ್ಕ ಅದು. ನನಗೆ ಅಂಗಡಿಯೇ ಉಗ್ರಾಣ, ಮೆಟ್ಟಿಲಿಳಿದು ಐವತ್ತು ಹೆಜ್ಜೆ. 25 ಕಿಲೋ ಅಕ್ಕಿ ಚೀಲ ನಿಲ್ಲಿಸಿದರೆ ಅಡುಗೆಮನೆಯ ಬಾಗಿಲು ಅರ್ಧವೇ ತೆಗೆಯುತ್ತದೆ. ತಿಂಗಳು ದಾಟಿದರೆ ಹುಳ ಬೇರೆ, ಬೇವಿನೆಲೆ, ಒಣಮೆಣಸು ಹಾಕಿದರೂ. ಈಗ 10 ಕಿಲೋ ತರುತ್ತೇವೆ. ಅತ್ತೆಗೆ ಇದು ಇನ್ನೂ ಸಮಾಧಾನವಿಲ್ಲ. ನಾನು ಇಲ್ಲದಾಗ ಎರಡು ಕಿಲೋ ಬೇಳೆ ತರಿಸಿ ಎಲ್ಲೋ ಇಟ್ಟಿರುತ್ತಾರೆ. ಎಲ್ಲಿ ಅಂತ ನಾನು ಹುಡುಕುವುದಿಲ್ಲ.

ಭರಣಿಗಳಿಗೆ ತಂಪು, ಕತ್ತಲೆ ಎರಡೂ ಬೇಕು. ಸಿಂಕಿನ ಕೆಳಗೆ ಪಸೆ, ಒಲೆಯ ಮೇಲಿನ ಶೆಲ್ಫಿನಲ್ಲಿ ಬಿಸಿ. ಕೊನೆಗೆ ದೇವರ ಗೂಡಿನ ಕೆಳಗಿದ್ದ ಮೂಲೆ ಸಿಕ್ಕಿತು. ಅಲ್ಲಿ ನನ್ನ ಇಸ್ತ್ರಿ ಪೆಟ್ಟಿಗೆ ಇರುತ್ತಿತ್ತು. ಮಿಡಿ ಉಪ್ಪಿನಕಾಯಿ ಅಲ್ಲಿ ಕೂತ ಮೇಲೆ ತೊಳೆಯದ ಕೈಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಹಾಗಾಗಿ ಕೆಟ್ಟೂ ಇಲ್ಲ.

ಈರುಳ್ಳಿ ಬೆಳ್ಳುಳ್ಳಿಗೆ ಜಾಗ ಕೊಟ್ಟದ್ದು ಓಣಿಯ ಸೂರು. ಅಲ್ಲಿ ಒಂದು ಕಬ್ಬಿಣದ ಕೊಂಡಿ ಇದೆ, ಮನೆ ಕಟ್ಟುವಾಗ ತೊಟ್ಟಿಲಿಗೆ ಅಂತ ಹಾಕಿದ್ದು. ನನ್ನ ಮಗಳ ತೊಟ್ಟಿಲು ಕಟ್ಟಿದ್ದೂ ಅದಕ್ಕೇ. ತೊಟ್ಟಿಲು ಬಿಚ್ಚಿದ ಮೇಲೆ ಅದು ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ. ಅತ್ತೆ ಬಂದ ವಾರದಲ್ಲೇ ಗಮನಿಸಿದ್ದರಂತೆ. ಒಂದು ಮಧ್ಯಾಹ್ನ ಹತ್ತಿ ಹಗ್ಗ ತರಿಸಿ, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಗಂಟು ಹಾಕಿ ಹಾಕಿ ಮೂರು ಅಂತಸ್ತಿನ ನೆಲುವು ಹೆಣೆದರು. ಮೊಣಕಾಲು ನೋವು ಅನ್ನುವವರು ಮೂರು ಗಂಟೆ ನೆಲದ ಮೇಲೆ ಕೂತಿದ್ದರು. ಮೂರು ಬಿದಿರು ಬುಟ್ಟಿ ಅದರಲ್ಲಿ ಕೂತವು. ಮೇಲೆ ಬೆಳ್ಳುಳ್ಳಿ, ನಡುವೆ ಈರುಳ್ಳಿ, ಕೆಳಗೆ ಕಾಯಿ. ಆಲೂಗಡ್ಡೆ ಬೇರೆ ಕಡೆ. ಗಾಳಿಯಾಡುತ್ತದಲ್ಲ, ಈರುಳ್ಳಿ ಕೊಳೆಯುವುದು ನಿಂತೇ ಹೋಯಿತು. ನಮ್ಮನೆಯವರು ಎತ್ತರ, ವಾರಕ್ಕೆ ಒಮ್ಮೆ ತಲೆ ಹೊಡೆಸಿಕೊಳ್ಳುತ್ತಾರೆ.

ಎಲ್ಲವೂ ಸರಿಹೋಯಿತು ಅಂತ ಅಲ್ಲ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಬಿಡುವಾಗ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಅದಕ್ಕೆ ಅಂಟಿಸುವ ಕೊಕ್ಕೆ ತಂದೆ. ಡಿಸ್ಟೆಂಪರ್ ಗೋಡೆಯಲ್ಲಿ ಒಂದು ವಾರ ನಿಂತು, ಒಂದು ಮಧ್ಯರಾತ್ರಿ ಬ್ಯಾಗು ಸಮೇತ ಬಿತ್ತು. ಸುಣ್ಣದ ಪದರವೂ ಜೊತೆಗೆ ಬಂತು. ಬಾತ್‌ರೂಮಿನ ಟೈಲ್ಸಿಗೆ ಮಾತ್ರ ಅದು ಸರಿ. ಬಾಗಿಲ ಹಿಂದೆ ನೇತುಹಾಕುವ ಬಟ್ಟೆಯ ಖಾನೆಗಳನ್ನೂ ತಂದಿದ್ದೆ. ಹದಿನೈದು ಖಾನೆ, ಹದಿನೈದು ಇತರೆ. ತೆಗೆದುಹಾಕಿದೆ. ಬೀರುವನ್ನು ಪಶ್ಚಿಮದ ಗೋಡೆಗೆ ಒತ್ತಿಸಿ ಇಟ್ಟಿದ್ದೆವು. ಮಳೆ ಹೊಡೆಯುವ ಗೋಡೆ ಅದು. ಹಿಂದೆ ಕೈ ಹಾಕಿದರೆ ತುಕ್ಕು, ಮುಗ್ಗಲು ವಾಸನೆ. ಈಗ ನಾಲ್ಕು ಬೆರಳು ಸಂದು ಬಿಟ್ಟಿದ್ದೇವೆ. ಸಣ್ಣ ರೂಮಿನಲ್ಲಿ ನಾಲ್ಕು ಬೆರಳು ಬಿಟ್ಟುಕೊಡುವಾಗ ಹೊಟ್ಟೆ ಉರಿಯುತ್ತದೆ, ಆದರೂ.

ಈ ವರ್ಷ ಮೇ ತಿಂಗಳಲ್ಲಿ ಎರಡನೇ ಸಲ ಎಲ್ಲವನ್ನೂ ತಾರಸಿಗೆ ಹಾಕಿದೆವು. ಹೋದ ಸಲ ಇಡೀ ಭಾನುವಾರ ಹಿಡಿದಿತ್ತು. ಈ ಸಲ ಬೆಳಗ್ಗೆ ಎಂಟಕ್ಕೆ ಶುರು ಮಾಡಿ ಹತ್ತೂವರೆಗೆ ಎಲ್ಲ ಮೇಲಿತ್ತು. ತಾರಸಿ ತುಂಬಿತು, ಉಕ್ಕಲಿಲ್ಲ. ಅತ್ತೆ ಕಂಬಿ ಹಿಡಿದು ನಿಧಾನ ಮೇಲೆ ಬಂದು ಟ್ಯಾಂಕಿನ ನೆರಳಲ್ಲಿ ಕೂತು ಲೆಕ್ಕ ಹಾಕಿದರು. ಓನರ್ ಆಂಟಿ ಏನೋ ಗಲಾಟೆ ಅಂತ ನೋಡಲು ಬಂದವರು ಕೆಳಗಿಳಿದು ತಮ್ಮ ಸೀರೆಗಳನ್ನೂ ತಂದು ಹಗ್ಗಕ್ಕೆ ಹಾಕಿದರು.

ಮಧ್ಯಾಹ್ನ ಮೂರರ ಹೊತ್ತಿಗೆ ಬನಶಂಕರಿ ಕಡೆಯಿಂದ ಮೋಡ ಎದ್ದಿತು. ಬೆಂಗಳೂರಿನ ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಐದು ನಿಮಿಷದಲ್ಲಿ ನಾವು ನಾಲ್ವರು, ಆಂಟಿ, ಅವರ ಮೊಮ್ಮಗ ಎಲ್ಲ ಸೇರಿ ಯಾರ ಕೈಗೆ ಏನು ಸಿಕ್ಕಿತೋ ಅದನ್ನು ಹೊತ್ತುಕೊಂಡು ಓಡಿದೆವು. ಆಂಟಿಯ ಎರಡು ಸೀರೆ ನಮ್ಮ ಮನೆಗೆ ಬಂದವು, ನಮ್ಮ ಒಂದು ಕಂಬಳಿ ಅವರ ಮನೆಗೆ ಹೋಯಿತು. ಒಂದು ಹಗ್ಗ ಬಿಟ್ಟರೆ ಏನೂ ನೆನೆಯಲಿಲ್ಲ.

ಅದಾಗಿ ಒಂಬತ್ತು ದಿನವಾಯಿತು. ಕಂಬಳಿ ವಾಪಸ್ಸು ಬಂದಿದೆ. ಗೊಂಬೆಯ ಒಂದು ಡಬ್ಬ ಮಾತ್ರ ಇನ್ನೂ ಓಣಿಯಲ್ಲೇ ಇದೆ, ಸಜ್ಜಕ್ಕೆ ಏರಿಸಬೇಕು. ಏಣಿ ಕೇಳಿ ತರೋಣ ಅಂತ ಹೊರಟರೆ ಅತ್ತೆ ಅದರ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾರೆ. ಎತ್ತರ ಸರಿಯಾಗಿದೆಯಂತೆ.